ನಾಡದೋಣಿಗೆ ಎಷ್ಟು ಅಶ್ವಶಕ್ತಿಯ ಎಂಜಿನ್ ಸೂಕ್ತ?

ದೋಣಿ ಮತ್ತು ಬಲೆಯ ನಂತರ ನಾಡದೋಣಿ ಮೀನುಗಾರ ಮಾಡುವ ದೊಡ್ಡ ಹೂಡಿಕೆಯೆಂದರೆ ಔಟ್‌ಬೋರ್ಡ್ ಎಂಜಿನ್. ಕೊಳ್ಳುವ ಹಣವನ್ನು ಒಮ್ಮೆ ಹೊಂದಿಸಿದರೆ ಸಾಕು, ಇಂಧನದ ಹಣವನ್ನು ಮಾತ್ರ ಕಡಲಿಗಿಳಿಯುವ ಪ್ರತಿದಿನವೂ ಹೊಂದಿಸಬೇಕು. ಆದರೂ ಎಂಜಿನ್ ಕೊಳ್ಳುವಾಗ ಎಷ್ಟು ಅಶ್ವಶಕ್ತಿ ಬೇಕು ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸುವವರು ಕಡಿಮೆ. ಪಕ್ಕದ ದೋಣಿಯವರು ಕೊಂಡದ್ದನ್ನೋ, ಅಂಗಡಿಯವರು ತೋರಿಸಿದ್ದನ್ನೋ, ಸಾಲಕ್ಕೆ ದೊರೆತದ್ದನ್ನೋ ಒಪ್ಪಿಕೊಳ್ಳುವುದೇ ವಾಡಿಕೆ.

ಎಂಜಿನ್ ಚಿಕ್ಕದಾದರೆ ಅಳಿವೆಯ ಸೆಳೆತದಲ್ಲಿ ಜೀವಕ್ಕೇ ಅಪಾಯ. ಅಗತ್ಯಕ್ಕಿಂತ ದೊಡ್ಡದಾದರೆ ದುಡಿಮೆಯ ಬಹುಪಾಲು ಇಂಧನದ ಕ್ಯಾನ್‌ಗೆ ಹೋಗುತ್ತದೆ. ಖರ್ಚು ಕಳೆದು ಉಳಿದದ್ದನ್ನು ಪಾಲು ಹಂಚಿಕೊಳ್ಳುವ ಪದ್ಧತಿಯಿರುವ ದೋಣಿಗಳಲ್ಲಿ ಈ ಹೊರೆ ಮಾಲೀಕನೊಬ್ಬನದಲ್ಲ, ದೋಣಿಯಲ್ಲಿರುವ ಪ್ರತಿಯೊಬ್ಬನದೂ ಹೌದು. ಕರ್ನಾಟಕದ ಕರಾವಳಿಯಲ್ಲಿ ಇದರೊಂದಿಗೆ ಮಳೆಗಾಲದ 10 ಅಶ್ವಶಕ್ತಿಯ ನಿಯಮವೂ ಸೇರಿಕೊಂಡಿದೆ. ಇವೆಲ್ಲವನ್ನೂ ಗಮನದಲ್ಲಿಟ್ಟುಕೊಂಡು ಎಂಜಿನ್ ಆಯ್ಕೆ ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿಯಮ, ಆಮೇಲೆ ಎಂಜಿನ್

ರಾಜ್ಯದಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನುಗಳ ಸಂತಾನಾಭಿವೃದ್ಧಿಯ ಕಾಲವೆಂಬುದು ಇದಕ್ಕೆ ಮುಖ್ಯ ಕಾರಣ. ಈ ಅವಧಿಯಲ್ಲಿ ಸಾಂಪ್ರದಾಯಿಕ ದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ದೋಣಿಗಳಿಗೂ ವಿನಾಯಿತಿ ಇದೆ. ತೂಫಾನ್ ಎದ್ದು ಕಡಲಿನ ತಳ ಕಲಕಿದ ಮೇಲೆ ಸಿಗಡಿ, ಬಂಗುಡೆ, ಬೂತಾಯಿಗಾಗಿ ನಾಡದೋಣಿಗಳು ಇಳಿಯುವುದು ಈ ವಿನಾಯಿತಿಯ ಬಲದಿಂದಲೇ. ದೊಡ್ಡ ಬೋಟುಗಳು ದಡದಲ್ಲಿರುವ ಈ ದಿನಗಳಲ್ಲಿ ಮೀನಿಗೆ ಒಳ್ಳೆಯ ಬೆಲೆಯೂ ದೊರೆಯುತ್ತದೆ.

ಆದ್ದರಿಂದ 15 ಅಥವಾ 25 ಅಶ್ವಶಕ್ತಿಯ ಎಂಜಿನನ್ನಷ್ಟೇ ಹೊಂದಿರುವವರು ಮಳೆಗಾಲದ ದುಡಿಮೆಯನ್ನು ಬಿಟ್ಟುಕೊಡಬೇಕಾಗುತ್ತದೆ. ನಿಯಮವು ಎಂಜಿನ್ನಿನ ಸಾಮರ್ಥ್ಯವನ್ನು ನೋಡುತ್ತದೆಯೇ ಹೊರತು ಅದನ್ನು ಎಷ್ಟು ನಿಧಾನವಾಗಿ ಓಡಿಸಲಾಗುತ್ತಿದೆ ಎಂಬುದನ್ನಲ್ಲ. ಮಾರುಕಟ್ಟೆಯಲ್ಲಿ ದೊರೆಯುವ 9.9 ಅಶ್ವಶಕ್ತಿಯ ಎಂಜಿನ್ ಈ ಮಿತಿಯೊಳಗೆ ಬರುತ್ತದೆ. ಎಂಜಿನ್ನಿನ ಫಲಕದಲ್ಲಿ ಕಿಲೊವ್ಯಾಟ್ ಲೆಕ್ಕವಿದ್ದರೆ 1 ಅಶ್ವಶಕ್ತಿಗೆ ಸುಮಾರು 0.74 ಕಿಲೊವ್ಯಾಟ್ ಎಂದು ತಿಳಿಯಬೇಕು. 9.9 ಅಶ್ವಶಕ್ತಿ ಎಂದರೆ ಸುಮಾರು 7.3 ಕಿಲೊವ್ಯಾಟ್.

ಆಯಾ ವರ್ಷದ ಆದೇಶದ ವಿವರಗಳನ್ನು ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿಕೊಂಡ ನಂತರವೇ ಎಂಜಿನ್ ಕೊಳ್ಳುವುದು ಉಚಿತ. ಖರೀದಿ ರಸೀದಿಯನ್ನೂ ಎಂಜಿನ್ ಸಂಖ್ಯೆಯಿರುವ ಫಲಕವನ್ನೂ ಜೋಪಾನವಾಗಿ ಕಾಪಾಡಿಕೊಳ್ಳಬೇಕು. ದೋಣಿಯ ನೋಂದಣಿಗೂ ಸಹಾಯಧನದ ಅರ್ಜಿಗೂ ಅವು ಆಧಾರ.

ದೋಣಿಯ ಅಡಿ ಎಂಥದು?

ಎಂಜಿನ್ನಿನ ಗಾತ್ರವನ್ನು ನಿರ್ಧರಿಸುವುದು ದೋಣಿಯ ಉದ್ದ ಮಾತ್ರವಲ್ಲ, ಅದರ ಅಡಿಯ ಆಕಾರ ಮತ್ತು ಒಟ್ಟು ತೂಕ. ಆಕಾರದ ದೃಷ್ಟಿಯಿಂದ ಸಣ್ಣ ದೋಣಿಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನೀರನ್ನು ಸೀಳಿಕೊಂಡು ಸಾಗುವ ದೋಣಿ. ದುಂಡಗಿನ ಅಡಿಯ, ಉದ್ದವಾದ, ಭಾರ ಹೊರುವ ನಾಡದೋಣಿಗಳು, ಮರದ ಪಾತಿ ದೋಣಿಗಳು, ಅದೇ ಮಾದರಿಯ ಫೈಬರ್ ದೋಣಿಗಳು ಈ ಗುಂಪಿಗೆ ಸೇರುತ್ತವೆ. ಇಂಥ ದೋಣಿ ಚಲಿಸುವಾಗ ತನ್ನ ಅಲೆಯನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಒಂದು ಹಂತದಲ್ಲಿ ದೋಣಿಯ ಉದ್ದಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ದೋಣಿಯ ಹಿಂಭಾಗ ಕುಸಿದು, ಮುಂಭಾಗ ಎದ್ದು, ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತುವ ಸ್ಥಿತಿ ಬರುತ್ತದೆ. ಆಮೇಲೆ ಎಷ್ಟು ಶಕ್ತಿ ಸೇರಿಸಿದರೂ ವೇಗ ಹೆಚ್ಚುವುದು ಅತ್ಯಲ್ಪ.

ಈ ವೇಗದ ಮಿತಿಯನ್ನು ಕಂಡುಕೊಳ್ಳಲು ಸರಳ ಸೂತ್ರವಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಮಿತಿಯ ವೇಗ ನಾಟ್‌ಗಳಲ್ಲಿ ದೊರೆಯುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ನೀರಿನ ಮಟ್ಟದಲ್ಲಿ 16 ಅಡಿ ಉದ್ದವಿರುವ ದೋಣಿಗೆ ಇದು 5.4 ನಾಟ್, 25 ಅಡಿಗೆ 6.7 ನಾಟ್, 30 ಅಡಿಗೆ 7.3 ನಾಟ್.

ಎರಡನೆಯದು ನೀರಿನ ಮೇಲೆ ತೇಲಿ ಜಾರುವ ದೋಣಿ. ಚಪ್ಪಟೆ ಅಡಿಯ, ಅಗಲವಾದ ಹಿಂಬದಿ ಹಲಗೆಯಿರುವ ಹಗುರ ಫೈಬರ್ ದೋಣಿಗಳು ಸಾಕಷ್ಟು ಶಕ್ತಿ ದೊರೆತಾಗ ಮೇಲೆದ್ದು ವೇಗವಾಗಿ ಸಾಗುತ್ತವೆ. ಅದಕ್ಕೆ ಸುಮಾರು 20 ಕಿಲೊ ತೂಕಕ್ಕೆ 1 ಅಶ್ವಶಕ್ತಿ ಬೇಕೆಂಬುದು ಸ್ಥೂಲ ಅಂದಾಜು. ದೋಣಿ, ಎಂಜಿನ್, ಇಬ್ಬರು ಜನ ಸೇರಿ 500 ಕಿಲೊ ಇದ್ದರೆ 25 ಅಶ್ವಶಕ್ತಿ ಸಾಕಾಗಬಹುದು. ಆದರೆ ಅದೇ ದೋಣಿಗೆ ಬಲೆ, ಮಂಜುಗಡ್ಡೆ, ಇನ್ನಿಬ್ಬರು ಜನ, ಮೀನು ಸೇರಿದ ಕೂಡಲೇ ಅದು ಮೇಲೇಳಲಾರದೆ ಮೂಗೆತ್ತಿಕೊಂಡು ಒದ್ದಾಡುತ್ತದೆ. ಅತಿ ಹೆಚ್ಚು ಇಂಧನ ಸುಟ್ಟು ಅತಿ ಕಡಿಮೆ ಫಲ ಪಡೆಯುವ ಸ್ಥಿತಿ ಅದು. ದಿನವೂ ಭಾರ ಹೊರುವ ಮೀನುಗಾರಿಕೆ ದೋಣಿಗೆ ಈ ಬಗೆಯ ವೇಗದ ಲೆಕ್ಕಾಚಾರ ಹೊಂದುವುದು ಅಪರೂಪ.

ತೂಕವೇ ಅಳತೆಗೋಲು

ನೀರನ್ನು ಸೀಳಿ ಸಾಗುವ ದೋಣಿಗೆ ಎಂಜಿನ್ ಆರಿಸುವಾಗ ಒಟ್ಟು ತೂಕದ ಪ್ರತಿ ಟನ್ನಿಗೆ 3ರಿಂದ 5 ಅಶ್ವಶಕ್ತಿ ಎಂಬುದು ರೂಢಿಯಲ್ಲಿರುವ ಅಂದಾಜು. ನದಿ, ಹಿನ್ನೀರಿನಂಥ ಶಾಂತ ನೀರಿಗೆ ಕೆಳಗಿನ ಅಂಕಿಯೂ ತೆರೆದ ಕಡಲು ಮತ್ತು ಅಳಿವೆ ದಾಟುವ ದೋಣಿಗೆ ಮೇಲಿನ ಅಂಕಿಯೂ ಅನ್ವಯಿಸುತ್ತವೆ.

ಇಲ್ಲಿ ತೂಕ ಎಂದರೆ ಖಾಲಿ ದೋಣಿಯ ತೂಕವಲ್ಲ. ಮರಳಿ ಬರುವಾಗಿನ ಪೂರ್ಣ ತೂಕವನ್ನು ಹಿಡಿಯಬೇಕು. ಉದಾಹರಣೆಗೆ 26 ಅಡಿ ಉದ್ದದ, ನೀರಿನ ಮಟ್ಟದಲ್ಲಿ 24 ಅಡಿ ಇರುವ ಫೈಬರ್ ನಾಡದೋಣಿಯೊಂದನ್ನು ತೆಗೆದುಕೊಳ್ಳೋಣ. ದೋಣಿ 700 ಕಿಲೊ, ಎಂಜಿನ್ ಮತ್ತು ಇಂಧನ 90 ಕಿಲೊ, ಬಲೆ ಹಾಗೂ ಹಗ್ಗ 300 ಕಿಲೊ, ಐದು ಮಂದಿ 325 ಕಿಲೊ, ಮಂಜುಗಡ್ಡೆ ಮತ್ತಿತರ ಸಾಮಗ್ರಿ 85 ಕಿಲೊ ಎಂದಿಟ್ಟುಕೊಂಡರೆ ಹೊರಡುವಾಗ ಒಟ್ಟು 1,500 ಕಿಲೊ. 500 ಕಿಲೊ ಮೀನು ಸಿಕ್ಕರೆ ಮರಳುವಾಗ 2,000 ಕಿಲೊ.

ಟನ್ನಿಗೆ 5 ಅಶ್ವಶಕ್ತಿಯಂತೆ ಈ ದೋಣಿಗೆ 10 ಅಶ್ವಶಕ್ತಿ ಸಾಕಾಗುತ್ತದೆ. ಹೊರಡುವಾಗ ಏಳೆಂಟು ಅಶ್ವಶಕ್ತಿಯಲ್ಲೇ ಕೆಲಸ ನಡೆಯುತ್ತದೆ, ಉಳಿದದ್ದು ತುರ್ತಿಗೆ ಮೀಸಲು. ಒಬ್ಬರೋ ಇಬ್ಬರೋ ಹೋಗುವ, ಬೀಡುಬಲೆ ಹಾಕುವ 16ರಿಂದ 18 ಅಡಿಯ ಸಣ್ಣ ದೋಣಿಯ ಒಟ್ಟು ತೂಕ ಸಾಮಾನ್ಯವಾಗಿ ಒಂದು ಟನ್ನಿನೊಳಗೆ ಇರುವುದರಿಂದ ಅದಕ್ಕೆ 4ರಿಂದ 6 ಅಶ್ವಶಕ್ತಿ ಸಾಕು. ಒಟ್ಟು ತೂಕ 3 ಟನ್ ಮೀರುವ ದೋಣಿಗಳಿಗೆ ಮಾತ್ರ 15 ಅಶ್ವಶಕ್ತಿ ಅಥವಾ ಅದಕ್ಕಿಂತ ದೊಡ್ಡ ಎಂಜಿನ್ನಿನ ಪ್ರಶ್ನೆ ಏಳುತ್ತದೆ. ಅಂಥ ದೋಣಿಯವರು ಮಳೆಗಾಲದ ಮಿತಿಯನ್ನು ಮೊದಲೇ ಯೋಚಿಸಬೇಕು.

ವೇಗಕ್ಕೆ ತೆರುವ ಬೆಲೆ

ದೋಣಿಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಮಿತಿಯ ವೇಗದ ಸಮೀಪದಲ್ಲಿ ಈ ಏರಿಕೆ ಇನ್ನೂ ಕಡಿದಾಗುತ್ತದೆ. ಬೇರೆ ಮಾತಿನಲ್ಲಿ ಹೇಳುವುದಾದರೆ ವೇಗವನ್ನು ಶೇ 10ರಷ್ಟು ತಗ್ಗಿಸಿದರೆ ಬೇಕಾಗುವ ಶಕ್ತಿ ಶೇ 27ರಷ್ಟು ಇಳಿಯುತ್ತದೆ. ಶೇ 20ರಷ್ಟು ತಗ್ಗಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

10 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 4 ಲೀಟರ್ ಇಂಧನ ಬಳಸುತ್ತದೆ. 25 ಅಶ್ವಶಕ್ತಿಯದು 9ರಿಂದ 10 ಲೀಟರ್ ಬಳಸುತ್ತದೆ. ಮೇಲಿನ ಉದಾಹರಣೆಯ ದೋಣಿ ದಡದಿಂದ 10 ನಾಟಿಕಲ್ ಮೈಲು ದೂರ ಹೋಗಿ ಬರುತ್ತದೆ ಎನ್ನೋಣ. 10 ಅಶ್ವಶಕ್ತಿಯಲ್ಲಿ 6.5 ನಾಟ್ ವೇಗದಲ್ಲಿ ಹೋಗಿ ಬರಲು ಮೂರು ಗಂಟೆ ಐದು ನಿಮಿಷ, ಸುಮಾರು 12 ಲೀಟರ್ ಇಂಧನ ಬೇಕು. ಅದೇ ದೋಣಿಗೆ 25 ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ ವೇಗ ಬಹಳವೆಂದರೆ 7.5ರಿಂದ 8 ನಾಟ್‌ಗೆ ಏರೀತು. ಪ್ರಯಾಣದ ಸಮಯ ಅರ್ಧ ಗಂಟೆಯಷ್ಟು ಕಡಿಮೆಯಾದರೂ ಇಂಧನ ಮಾತ್ರ 24 ಲೀಟರ್ ಮುಟ್ಟುತ್ತದೆ. ಅರ್ಧ ಗಂಟೆಗಾಗಿ ದುಪ್ಪಟ್ಟು ಖರ್ಚು.

ಇನ್ನೊಂದು ದಿಕ್ಕಿನಿಂದ ನೋಡಿದರೆ, 10 ಅಶ್ವಶಕ್ತಿಯ ಎಂಜಿನ್ನಿನ ಹಿಡಿಯನ್ನು ಸ್ವಲ್ಪ ಸಡಿಲಿಸಿ 5.8 ನಾಟ್ ವೇಗದಲ್ಲಿ ಓಡಿಸಿದರೆ ಒಂದೊಂದು ಬದಿಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಇಂಧನ ಉಳಿಯುತ್ತದೆ. ವರ್ಷಕ್ಕೆ 200 ದಿನ ಕಡಲಿಗಿಳಿಯುವ ದೋಣಿಗೆ ಇದು 400 ಲೀಟರ್ ಮೀರಿದ ಉಳಿತಾಯ. ಹೊಸ ಎಂಜಿನ್ ಕೊಳ್ಳದೆ, ಯಾರ ಸಹಾಯಧನಕ್ಕೂ ಕಾಯದೆ ಕೈಗೂಡುವ ಉಳಿತಾಯವಿದು.

ನೆರೆಯ ಕೇರಳದ ಅನುಭವ ಇಲ್ಲಿ ಸ್ಮರಣೀಯ. 1980ರ ದಶಕದಲ್ಲಿ ಅಲ್ಲಿನ ಸಾಂಪ್ರದಾಯಿಕ ದೋಣಿಗಳು ಏಳೆಂಟು ಅಶ್ವಶಕ್ತಿಯ ಎಂಜಿನ್‌ಗಳಿಂದ ಆರಂಭಿಸಿದವು. ಮೀನಿನ ಗುಂಪನ್ನು ಮೊದಲು ಮುಟ್ಟುವ ಪೈಪೋಟಿಯಲ್ಲಿ ಎಂಜಿನ್ನಿನ ಗಾತ್ರ ಏರುತ್ತಾ ಹೋಗಿ, ಬಳಸುಬಲೆಯ ದೊಡ್ಡ ದೋಣಿಗಳಲ್ಲಿ 40 ಅಶ್ವಶಕ್ತಿಯ ಎರಡು ಮೂರು ಎಂಜಿನ್‌ಗಳನ್ನು ಕಟ್ಟುವ ಹಂತ ತಲುಪಿತು. ಎಲ್ಲರ ಎಂಜಿನ್ನೂ ದೊಡ್ಡದಾದ ಮೇಲೆ ಯಾರಿಗೂ ಮುಂದಿರುವ ಲಾಭ ಉಳಿಯದು. ಇಂಧನದ ಖರ್ಚು ಮಾತ್ರ ಎಲ್ಲರಿಗೂ ಉಳಿಯುತ್ತದೆ.

ಅಳಿವೆಯೇ ನಿಜವಾದ ಪರೀಕ್ಷೆ

ಹಾಗೆಂದು ಖರ್ಚನ್ನಷ್ಟೇ ನೋಡಿ ಎಂಜಿನ್ ಕಿರಿದು ಮಾಡುವುದೂ ಸಲ್ಲದು. ಗಂಗೊಳ್ಳಿ, ಕೋಡಿಬೆಂಗ್ರೆ, ಮಂಗಳೂರು, ಹೊನ್ನಾವರ, ತದಡಿಯಂಥ ಕಡೆ ದೋಣಿಗಳು ನದಿಯ ಅಳಿವೆಯನ್ನು ದಾಟಿಯೇ ಕಡಲು ಸೇರಬೇಕು. ಮಳೆಗಾಲದಲ್ಲಿ ನದಿಯ ನೆರೆ, ಇಳಿತದ ಸೆಳೆತ, ಮರಳ ದಿಬ್ಬದ ಮೇಲೆ ಒಡೆಯುವ ಅಲೆ ಇವು ಮೂರೂ ಒಟ್ಟಿಗೆ ಎದುರಾಗುತ್ತವೆ. 6 ನಾಟ್ ವೇಗದ ದೋಣಿಗೆ 3 ನಾಟ್ ಸೆಳೆತ ಎದುರಾದರೆ ಮುಂದೆ ಸಾಗುವುದು 3 ನಾಟ್ ಮಾತ್ರ. ಅಪಾಯದ ಜಾಗದಲ್ಲಿ ಇರಬೇಕಾದ ಹೊತ್ತು ಆಗ ಇಮ್ಮಡಿಯಾಗುತ್ತದೆ.

ಮರಳಿ ಬರುವಾಗ ಅಪಾಯದ ರೂಪ ಬೇರೆ. ಹಿಂದಿನಿಂದ ಬರುವ ಅಲೆ ದೋಣಿಯ ಹಿಂಭಾಗವನ್ನು ಎತ್ತಿ, ಅಡ್ಡಕ್ಕೆ ತಿರುಗಿಸಿ ಮಗುಚಿಬಿಡಬಲ್ಲದು. ಆ ಕ್ಷಣದಲ್ಲಿ ದೋಣಿಯನ್ನು ನೇರವಾಗಿ ಹಿಡಿಯಲು ಎಂಜಿನ್ ಕೂಡಲೇ ಸ್ಪಂದಿಸಬೇಕು. ಆದ್ದರಿಂದ ದಿನನಿತ್ಯದ ಓಡಾಟಕ್ಕೆ ಎಂಜಿನ್ನಿನ ಶಕ್ತಿಯಲ್ಲಿ ಶೇ 75ರಿಂದ 80ರಷ್ಟು ಸಾಕಾಗುವಂತೆ, ಉಳಿದ ಪಾಲು ಮೀಸಲಿರುವಂತೆ ಆಯ್ಕೆ ಮಾಡಬೇಕು. ದಿನವೂ ಪೂರ್ಣ ವೇಗದಲ್ಲಿ ಓಡಿಸಿದರಷ್ಟೇ ದಡ ಸೇರುವ ದೋಣಿಗೆ ಆ ಎಂಜಿನ್ ಚಿಕ್ಕದೆಂದೇ ಅರ್ಥ.

ಮಳೆಗಾಲದ ಮಿತಿ 10 ಅಶ್ವಶಕ್ತಿ ಆಗಿರುವುದರಿಂದ ಭಾರವಾದ ದೋಣಿಯವರಿಗೆ ಇರುವ ದಾರಿ ಎಂಜಿನ್ ಹಿಗ್ಗಿಸುವುದಲ್ಲ, ಹೊರೆ ಇಳಿಸುವುದು. ಬಲೆಯ ಉದ್ದ, ಜನರ ಸಂಖ್ಯೆ, ತರುವ ಮೀನಿನ ಪ್ರಮಾಣ ಇವುಗಳನ್ನು ಎಂಜಿನ್ನಿನ ಶಕ್ತಿಗೆ ತಕ್ಕಂತೆ ಮಿತಗೊಳಿಸಬೇಕು.

ಅತಿ ದೊಡ್ಡ ಎಂಜಿನ್ ಸುರಕ್ಷತೆಯನ್ನು ಹೆಚ್ಚಿಸುತ್ತದೆ ಎಂಬ ನಂಬಿಕೆಯೂ ಪೂರ್ಣ ಸರಿಯಲ್ಲ. 9.9 ಅಶ್ವಶಕ್ತಿಯ ಎಂಜಿನ್ ಸಾಮಾನ್ಯವಾಗಿ 36ರಿಂದ 50 ಕಿಲೊ ತೂಗಿದರೆ, 40 ಅಶ್ವಶಕ್ತಿಯದು 70 ಕಿಲೊ ಮೀರುತ್ತದೆ. ಅಷ್ಟು ಭಾರ ತುದಿಯಲ್ಲಿ ಕುಳಿತಾಗ ದೋಣಿಯ ಹಿಂಭಾಗ ತಗ್ಗಿ, ಹಿಂದಿನ ಅಲೆ ಸುಲಭವಾಗಿ ಒಳನುಗ್ಗುತ್ತದೆ. ಎರಡೂ ತುದಿ ಚೂಪಾದ ದೋಣಿಗಳಲ್ಲಿ ಎಂಜಿನನ್ನು ಪಕ್ಕದ ಮರದ ಚೌಕಟ್ಟಿಗೆ ಬಿಗಿಯುವುದರಿಂದ ಒಂದು ಮಗ್ಗುಲಿಗೆ ಭಾರ ಬೀಳುವುದೂ ಚೌಕಟ್ಟು ಸಡಿಲಗೊಳ್ಳುವುದೂ ಸಂಭವನೀಯ.

ಪ್ರೊಪೆಲ್ಲರ್ ಮತ್ತು ದಂಡದ ಉದ್ದ

ಎಂಜಿನ್ ಸರಿಯಿದ್ದೂ ದೋಣಿ ಎಳೆಯುತ್ತಿಲ್ಲ ಎಂಬ ದೂರಿಗೆ ಅನೇಕ ಬಾರಿ ಕಾರಣ ಮೀನುಗಾರರು ಫ್ಯಾನ್ ಎಂದು ಕರೆಯುವ ಪ್ರೊಪೆಲ್ಲರ್. ಅದರ ಮೇಲೆ ಎರಡು ಅಳತೆಗಳಿರುತ್ತವೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಅದು ಸೈದ್ಧಾಂತಿಕವಾಗಿ ಮುಂದೆ ಸಾಗುವ ದೂರ. ಎರಡೂ ಇಂಚುಗಳಲ್ಲಿ.

ಕಾರ್ಖಾನೆಯಿಂದ ಬರುವ ಪ್ರೊಪೆಲ್ಲರ್ ಹಲವು ಬಾರಿ ಹಗುರ ದೋಣಿಗೆ ಹೊಂದುವಂಥದ್ದು. 9 ಇಂಚು ಪಿಚ್ಚಿನ ಪ್ರೊಪೆಲ್ಲರ್, ನಿಮಿಷಕ್ಕೆ 5,000 ಸುತ್ತು, ಸುಮಾರು 2ಕ್ಕೆ 1ರ ಗೇರ್ ಅನುಪಾತ ಎಂದು ಲೆಕ್ಕ ಹಾಕಿದರೆ ಅದರ ಸೈದ್ಧಾಂತಿಕ ವೇಗ 18 ನಾಟ್ ದಾಟುತ್ತದೆ. ಆರೇಳು ನಾಟ್‌ಗಿಂತ ಹೆಚ್ಚು ಓಡಲಾಗದ ನಾಡದೋಣಿಗೆ ಅದು ಗುಡ್ಡ ಹತ್ತುವ ಲಾರಿಯನ್ನು ಟಾಪ್ ಗೇರ್‌ನಲ್ಲಿ ಓಡಿಸಿದಂತೆ. ಎಂಜಿನ್ ತನ್ನ ಪೂರ್ಣ ಸುತ್ತು ತಲುಪಲಾರದು, ಬಿಸಿಯಾಗುತ್ತದೆ, ಕಿಟ್ಟ ಕಟ್ಟುತ್ತದೆ. ಭಾರದ ದೋಣಿಗೆ ದೊಡ್ಡ ವ್ಯಾಸದ, ಕಡಿಮೆ ಪಿಚ್ಚಿನ ಪ್ರೊಪೆಲ್ಲರ್ ಬೇಕು. ಪಿಚ್ ಒಂದು ಇಂಚು ಇಳಿಸಿದರೆ ಎಂಜಿನ್ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ಹೆಚ್ಚು ತಿರುಗುತ್ತದೆ. ಪೂರ್ಣ ಹೊರೆ ಹೊತ್ತು, ಪೂರ್ಣ ವೇಗದಲ್ಲಿ ಓಡಿಸಿದಾಗ ಕೈಪಿಡಿಯಲ್ಲಿ ಸೂಚಿಸಿದ ಸುತ್ತಿನ ಮಿತಿಯೊಳಗೆ ಎಂಜಿನ್ ತಿರುಗಿದರೆ ಪ್ರೊಪೆಲ್ಲರ್ ಸರಿಯಾಗಿದೆ ಎಂದರ್ಥ. ಅಶ್ವಶಕ್ತಿ ಹೆಚ್ಚಿಸುವ ಮುನ್ನ ಈ ಪರೀಕ್ಷೆ ನಡೆಸುವುದು ಲೇಸು.

ದಂಡದ ಉದ್ದವನ್ನೂ ಅಳೆದೇ ಕೊಳ್ಳಬೇಕು. ಸಣ್ಣ ದಂಡ 15 ಇಂಚಿನ, ಉದ್ದ ದಂಡ 20 ಇಂಚಿನ ಹಲಗೆಗೆ ಹೊಂದುತ್ತವೆ. ಪ್ರೊಪೆಲ್ಲರ್ ಮೇಲಿರುವ ಅಡ್ಡ ತಟ್ಟೆ ದೋಣಿಯ ಅಡಿಯ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಇಂಚು ಕೆಳಗೆ ಇರಬೇಕು. ದಂಡ ಗಿಡ್ಡದಾದರೆ ಅಲೆಯಲ್ಲಿ ಹಿಂಭಾಗ ಎದ್ದಾಗಲೆಲ್ಲ ಪ್ರೊಪೆಲ್ಲರ್ ಗಾಳಿ ಹಿಡಿದು ಬರಿದೇ ತಿರುಗುತ್ತದೆ. ಅಳಿವೆಯಲ್ಲಿ ಹಾಗಾಗುವುದು ಎಂಜಿನ್ ನಿಂತಂತೆಯೇ.

ಸೀಮೆಎಣ್ಣೆಯೇ, ಪೆಟ್ರೋಲೇ, ಡೀಸೆಲ್ಲೇ?

ಕರಾವಳಿಯ ನಾಡದೋಣಿಗಳು ಬಹುಕಾಲ ಅವಲಂಬಿಸಿದ್ದು ರಿಯಾಯಿತಿ ದರದ ಸೀಮೆಎಣ್ಣೆಯನ್ನು. ಅದು ಸಕಾಲಕ್ಕೆ ದೊರೆಯದೆ ಮೀನುಗಾರರು ಹಲವು ಬಾರಿ ಪ್ರತಿಭಟಿಸಿದ್ದೂ ಉಂಟು. ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗಳಿಗೆ ಬದಲಿಸಿಕೊಳ್ಳಲು ತಲಾ 50 ಸಾವಿರ ರೂಪಾಯಿ ಸಹಾಯಧನವನ್ನು 2023ರಲ್ಲಿ ರಾಜ್ಯ ಬಜೆಟ್ ಘೋಷಿಸಿತ್ತು. ಇಂಥ ಯೋಜನೆಯ ಲಭ್ಯತೆಯನ್ನು ಇಲಾಖೆಯಲ್ಲಿ ಖಚಿತಪಡಿಸಿಕೊಂಡ ನಂತರವೇ ಹಳೆಯ ಎಂಜಿನ್ ಮಾರುವುದು ಸೂಕ್ತ.

ಸೀಮೆಎಣ್ಣೆ ಎಂಜಿನನ್ನು ಪೆಟ್ರೋಲ್‌ನಿಂದ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲ್‌ಗೆ ತರಬೇಕು. ಟು-ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಹಗುರ, ರಿಪೇರಿಗೆ ಸುಲಭ. ಆದರೆ ಇಂಧನಕ್ಕೆ ಎಣ್ಣೆ ಬೆರೆಸಬೇಕಾದ್ದರಿಂದ ಖರ್ಚು ಹೆಚ್ಚು. ಫೋರ್-ಸ್ಟ್ರೋಕ್ ಎಂಜಿನ್ನಿನ ಬೆಲೆ ಮತ್ತು ತೂಕ ಹೆಚ್ಚಾದರೂ ಇಂಧನ ಕಡಿಮೆ ಸಾಕು. ವರ್ಷದಲ್ಲಿ ಹೆಚ್ಚು ದಿನ ದುಡಿಯುವ ದೋಣಿಗೆ ಆ ಹೆಚ್ಚುವರಿ ಬೆಲೆ ಇಂಧನದ ಉಳಿತಾಯದಲ್ಲೇ ಮರಳಿ ಬರುತ್ತದೆ. ಡೀಸೆಲ್ ಎಂಜಿನ್ ಇಂಧನದಲ್ಲಿ ಎಲ್ಲಕ್ಕಿಂತ ಮಿತವ್ಯಯಿ. ಆದರೆ ಭಾರ ಹೆಚ್ಚು, ಮೇಲಾಗಿ ದೋಣಿಯೊಳಗೆ ಕೂರಿಸಿದ ಎಂಜಿನ್ನಿನ ಪ್ರೊಪೆಲ್ಲರ್ ಮೇಲೆತ್ತಲು ಬರುವುದಿಲ್ಲ. ದಿನವೂ ದೋಣಿಯನ್ನು ಮರಳ ದಡಕ್ಕೆ ಎಳೆಯುವ ಊರುಗಳಿಗೆ ಅದು ಹೊಂದದು.

ಹಳೆಯ ಎಂಜಿನ್ ಕೊಳ್ಳುವವರು ಸಿಲಿಂಡರ್‌ಗಳ ಒತ್ತಡ ಸಮನಾಗಿದೆಯೇ, ತಂಪುಗೊಳಿಸುವ ನೀರು ಧಾರೆಯಾಗಿ ಹೊರಬರುತ್ತಿದೆಯೇ, ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದೆಯೇ ಎಂಬುದನ್ನು ನೋಡಬೇಕು. ಎಣ್ಣೆ ಬೆಳ್ಳಗಾಗಿದ್ದರೆ ಉಪ್ಪುನೀರು ಒಳಸೇರಿದೆ ಎಂದೇ ಅರ್ಥ. ಹೊಸದಾಗಲಿ ಹಳೆಯದಾಗಲಿ, ಪ್ರತಿದಿನ ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆಯದ ಎಂಜಿನ್ ತನ್ನ ಫಲಕದಲ್ಲಿ ಬರೆದ ಅಶ್ವಶಕ್ತಿಯನ್ನು ಬಹುಕಾಲ ಕೊಡಲಾರದು.

ಕೊಳ್ಳುವ ಮುನ್ನ ಗಮನಿಸಿ

* ಮರಳಿ ಬರುವಾಗಿನ ಪೂರ್ಣ ತೂಕವನ್ನು ಲೆಕ್ಕ ಹಾಕಿ. ತೆರೆದ ಕಡಲಿಗೆ ಟನ್ನಿಗೆ 5 ಅಶ್ವಶಕ್ತಿಯಂತೆ ಗುಣಿಸಿ.

* ಮಳೆಗಾಲದಲ್ಲಿ ದುಡಿಯುವ ದೋಣಿಯಾದರೆ 10 ಅಶ್ವಶಕ್ತಿಯ ಮಿತಿ ಮೀರದಿರಿ.

* ದಿನದ ಓಡಾಟ ಎಂಜಿನ್ ಶಕ್ತಿಯ ಶೇ 80ರೊಳಗೆ ಮುಗಿಯುವಂತಿರಲಿ.

* ಭಾರಕ್ಕೆ ಹೊಂದುವ ಪ್ರೊಪೆಲ್ಲರನ್ನು ಎಂಜಿನ್ ಜೊತೆಯಲ್ಲೇ ಕೇಳಿ ಪಡೆಯಿರಿ. ದಂಡದ ಉದ್ದವನ್ನು ಹಲಗೆಗೆ ಹಿಡಿದು ನೋಡಿ.

* ಬಿಡಿಭಾಗ ಮತ್ತು ರಿಪೇರಿ ಸಮೀಪದ ಬಂದರಿನಲ್ಲೇ ದೊರೆಯುವ ಎಂಜಿನ್ ಆರಿಸಿ. ಮೀನಿನ ಕಾಲದಲ್ಲಿ ಒಂದು ವಾರ ದಡದಲ್ಲಿ ಕುಳಿತರೆ ಆಗುವ ನಷ್ಟ, ಖರೀದಿಯಲ್ಲಿ ಉಳಿಸಿದ ಹಣಕ್ಕಿಂತ ದೊಡ್ಡದು.

* ಹೆಚ್ಚುವರಿ ಸ್ಪಾರ್ಕ್ ಪ್ಲಗ್, ಎಳೆಹಗ್ಗ, ಪ್ರೊಪೆಲ್ಲರ್ ಪಿನ್ನು, ಒಂದು ಜೊತೆ ಹುಟ್ಟು, ಎಲ್ಲರಿಗೂ ಜೀವರಕ್ಷಕ ಅಂಗಿ ದೋಣಿಯಲ್ಲಿರಲಿ. ಕಡಲಿನಲ್ಲಿ ತುರ್ತು ನೆರವಿಗೆ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554.